ಖಾರವಿಲ್ಲದ ಉಪ್ಪು

12 ಫೆಬ್ರವರಿ

ಅಪ್ಪನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿರಬೇಕು ಅನ್ನುವುದಕ್ಕೇ ಈ ಕಾಗದ.

ಭಾನುವಾರ ನಿಮಗೆ ಮೂರು ಸಲ ಫೋನ್ ಮಾಡಿದೆ. ಮೊದಲನೇ ಸಲ ನಾನು "ಅಪ್ಪಾ, ಆ ಉಪ್ಪು..." ಅನ್ನುವಷ್ಟರಲ್ಲೇ ಇಟ್ಟಿರಿ. ಎರಡನೇ ಸಲ "ಕೈಗವಸು" ಅನ್ನುವ ಮಾತು ಕಿವಿಗೆ ಬಿದ್ದಕೂಡಲೇ ಇಟ್ಟಿರಿ. ಮೂರನೇ ಸಲ ಅಮ್ಮ ಎತ್ತಿಕೊಂಡು, "ಅವರು ಇಲ್ಲ ಅಂತ ಹೇಳು ಅಂತ ಇಲ್ಲೇ ಪಕ್ಕದಲ್ಲಿ ನಿಂತು ಹೇಳ್ತಿದಾರೆ ಕಣೇ," ಅಂದಳು. ಸಾಕಾಯಿತು. ಕಾಗದವನ್ನು ನೀವು ಮಧ್ಯದಲ್ಲಿ ಕತ್ತರಿಸುವುದಕ್ಕಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಉಪ್ಪಿನ ಡಬ್ಬ ತರುವ ಲಾರಿಯಲ್ಲೇ ಇದೂ ಬರುತ್ತದೆ. "ಡಬ್ಬ ಇಳಿಸೋಕೆ ಮೊದಲು ಇದನ್ನ ಅವರ ಕೈಗೇ ಕೊಡಿ," ಅಂತ ಡ್ರೈವರಿಗೆ ಹೇಳಿದ್ದೇನೆ.

ಇಷ್ಟು ವರ್ಷ ಗಾಜಿಗೆ ಮಬ್ಬು ಕೊಡುವುದಕ್ಕೆ ಆಸಿಡ್ ಬಳಸಿದಿರಿ. ಅದು ಬೇಡ, ನಮ್ಮ ಕಾರ್ಖಾನೆಯ ಉಪ್ಪು ತರಿಸಿಕೊಳ್ಳಿ ಅಂತ ನಾನು ಬಾಯಿ ಬಡಿದುಕೊಂಡೆ, ಕೊನೆಗೂ ಒಪ್ಪಿದಿರಿ. ಸಂತೋಷ. ಆದರೆ ಒಪ್ಪುವಾಗ, "ಉಪ್ಪು ತಾನೇ, ಅದಕ್ಯಾಕೆ ಇಷ್ಟು ರಾದ್ಧಾಂತ?" ಅಂದಿರಲ್ಲ, ಆ ಮಾತು ಕೇಳಿದಾಗಿನಿಂದ ನನಗೆ ನೆಮ್ಮದಿಯಿಲ್ಲ.

ಅಪ್ಪಾ, ಇದರ ಹೆಸರು ಅಮೋನಿಯಂ ಬೈಫ್ಲೋರೈಡ್. ನೋಡುವುದಕ್ಕೆ ಬೆಳ್ಳಗೆ, ಹರಳು ಹರಳಾಗಿ, ಸಕ್ಕರೆಯ ತಮ್ಮನ ಹಾಗಿರುತ್ತದೆ. ಮರುಳಾಗಬೇಡಿ. ನೀರಿಗೆ ಬಿದ್ದರೆ ಗಾಜನ್ನೇ ತಿನ್ನುವ ವಸ್ತು ಇದು. ನೀವು ತರಿಸಿಕೊಂಡಿರುವುದೂ ಅದಕ್ಕೇ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮಾತ್ರ ಕಲಸಿ. ಗಾಜಿನ ಜಾಡಿ ಬೇಡ, ಕಬ್ಬಿಣದ ಡ್ರಮ್ಮೂ ಬೇಡ. ಮುಚ್ಚಳ ಬಿಗಿಯಾಗಿರಲಿ, ಇಲ್ಲದಿದ್ದರೆ ಗಾಳಿಯ ತೇವ ಕುಡಿದು ಗಟ್ಟಿಯಾಗುತ್ತದೆ. ಕಲಸುವಾಗ ನೀರು ತಣ್ಣಗಾಗುತ್ತದೆ, ಅದು ಅದರ ಗುಣ. ಬೇಗ ಕರಗಲಿ ಅಂತ ಒಲೆಯ ಮೇಲಿಡಬೇಡಿ, ಕಾದರೆ ವಿಷದ ಹೊಗೆ ಬರುತ್ತದೆ. ಹಳೆಯ ಆಸಿಡ್ ಉಳಿದಿದ್ದರೆ ಇದಕ್ಕೆ ಬೆರೆಸಬೇಡಿ. ಎಲ್ಲಕ್ಕಿಂತ ಮುಖ್ಯ, ಬರಿಗೈಯಲ್ಲಿ ಮುಟ್ಟಬೇಡಿ. ಇದಿಷ್ಟನ್ನೂ ಗೋಡೆಗೆ ಹೇಳಿದ್ದರೆ ಗೋಡೆಯಾದರೂ ತಲೆಯಾಡಿಸುತ್ತಿತ್ತು.

ಓದಿದೆ ಅಂತ ಒಂದು ಸಾಲು ಬರೆದು ಡ್ರೈವರ್ ಕೈಯಲ್ಲೇ ಕಳಿಸಿ.

ಇಂತಿ,
ನಿಮ್ಮ ಮಗಳು


19 ಫೆಬ್ರವರಿ

ಚಿ. ಇನ್ಸ್‌ಪೆಕ್ಟರಮ್ಮನಿಗೆ ಅಪ್ಪನ ಆಶೀರ್ವಾದ.

ವಾಪಸು ಹೊರಟ ಡ್ರೈವರಿಗೆ ಟೀ ಕೊಟ್ಟು ಬಾಗಿಲಲ್ಲಿ ಕೂರಿಸಿಕೊಂಡು ಬರೆಯುತ್ತಿದ್ದೇನೆ. ಓದಿದೆ. ಒಂದು ಸಾಲು ಕೇಳಿದ್ದೆಯಲ್ಲ, ಬರೆದೆ. ಇನ್ನು ನಾನು ಹೇಳುವುದನ್ನು ಕೇಳು.

ನಿಮ್ಮ ಉಪ್ಪಿಗೆ ಖಾರವೇ ಇಲ್ಲ. ಆಸಿಡ್ ಆದರೆ ಮುಚ್ಚಳ ತೆಗೆದರೆ ಸಾಕು, ಮೂಗಿಗೇ ಗೊತ್ತಾಗುತ್ತಿತ್ತು. ಒಂದು ಹನಿ ಕೈಗೆ ಸಿಡಿದರೆ ಚುರ್ರೆನ್ನುತ್ತಿತ್ತು, ಓಡಿ ಹೋಗಿ ನಲ್ಲಿಗೆ ಕೈಯೊಡ್ಡುತ್ತಿದ್ದೆವು. ಅದು ಮರ್ಯಾದಸ್ಥ ವಸ್ತು, ತನ್ನ ಬಲ ಮೊದಲೇ ತೋರಿಸಿಕೊಳ್ಳುತ್ತಿತ್ತು. ಇದನ್ನು ಕಲಸಿ ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿದೆ. ತಣ್ಣಗಿದೆ, ಅಷ್ಟೇ. ಉರಿಯಿಲ್ಲ, ಗಿರಿಯಿಲ್ಲ. ನೀವೇನಾದರೂ ಸುಣ್ಣಗಿಣ್ಣ ಬೆರೆಸುತ್ತೀರೋ? ನೀನು ಆ ಲ್ಯಾಬಿನಲ್ಲಿ ಕೂತು ಬೆಳಗಿನಿಂದ ಸಂಜೆವರೆಗೆ ಏನು ನೋಡುತ್ತೀಯ? ಸಪ್ಪೆಯಾಗಿದೆ ಅಂತ ನಾನು ಇನ್ನೂ ಅರ್ಧದಷ್ಟು ಜಾಸ್ತಿ ಹಾಕಿ ಕಲಸಿದೆ.

ಗಾಜು ಮಬ್ಬಾಯಿತು, ನಿಜ. ಚೆನ್ನಾಗಿಯೇ ಆಯಿತು. ಅದು ನನ್ನ ಕೈಗುಣ.

ಇನ್ನೊಂದು ಮಾತು. ಹಲ್ಲುಜ್ಜುವ ಪೇಸ್ಟಿನ ಟ್ಯೂಬ್ ತಿರುಗಿಸಿ ನೋಡು, ಅಲ್ಲೂ ಫ್ಲೋರೈಡ್ ಅಂತಲೇ ಬರೆದಿದೆ. ಅದನ್ನು ದಿನಾ ಬಾಯಿಗೇ ಹಾಕಿಕೊಳ್ಳುತ್ತೇವೆ. ನನ್ನನ್ನು ಹೆದರಿಸುವುದಕ್ಕೆ ಬರಬೇಡ.

ಮತ್ತೆ ಸಣ್ಣದೊಂದು ಡಬ್ಬ ಬೇಕು. ಖಾರವಿರುವುದನ್ನು ನೋಡಿ ಕಳಿಸು.

ಇಂತಿ,
ನಿನ್ನ ಅಪ್ಪ

ಮಗಳೇ, ಕವರಿಗೆ ಹಾಕು ಅಂತ ನನ್ನ ಕೈಗೆ ಕೊಟ್ಟಿದ್ದಾರೆ, ಅದಕ್ಕೇ ಎರಡು ಸಾಲು. ಮೂಸಿಯೂ ನೋಡಿದರು, ಅದನ್ನು ಬರೆದಿಲ್ಲ. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಹಾಗೇ ಟೀ ಕುಡಿದರು. – ಅಮ್ಮ


3 ಮಾರ್ಚ್

ಅಪ್ಪಾ,

ನಮಸ್ಕಾರ ಆಮೇಲೆ.

ನಿಮ್ಮ ಕಾಗದ ಊಟದ ಹೊತ್ತಿನಲ್ಲಿ ಕೈಗೆ ಬಂತು. ತಟ್ಟೆ ಹಾಗೇ ಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಪ್ಯಾಕಿಂಗ್ ವಿಭಾಗದವರೊಬ್ಬರು, "ಏನಮ್ಮಾ, ಯಾರಿಗೆ ಏನಾಯ್ತು?" ಅಂದರು. "ಇನ್ನೂ ಆಗಿಲ್ಲ, ಆಗ್ಲಿ ಅಂತ ನಮ್ಮಪ್ಪ ಕಾಯ್ತಿದಾರೆ," ಅಂದೆ.

ಖಾರವಿಲ್ಲ ಅಂದಿರಲ್ಲ, ಅಪಾಯವಿರುವುದೇ ಅಲ್ಲಿ! ಬೇರೆ ಆಸಿಡ್ ಮೈಮೇಲೆ ಬಿದ್ದರೆ ಚರ್ಮ ಉರಿಯುತ್ತದೆ, ನೀವು ಓಡುತ್ತೀರಿ, ತೊಳೆದುಕೊಳ್ಳುತ್ತೀರಿ. ಇದು ಚರ್ಮದ ಜೊತೆ ಜಗಳಕ್ಕೇ ನಿಲ್ಲುವುದಿಲ್ಲ. ಸದ್ದಿಲ್ಲದೆ ದಾಟಿ ಒಳಕ್ಕೆ ಹೋಗುತ್ತದೆ. ಒಳಗೆ ಅದಕ್ಕೆ ಬೇಕಾಗಿರುವುದು ಸುಣ್ಣದ ಅಂಶ, ಕ್ಯಾಲ್ಸಿಯಂ. ಅದು ನಮ್ಮ ರಕ್ತದಲ್ಲಿದೆ, ಮೂಳೆಯಲ್ಲಿದೆ. ಅದನ್ನು ಹಿಡಿದುಕೊಂಡು ಕೂತುಬಿಡುತ್ತದೆ. ನೋವು ಶುರುವಾಗುವ ಹೊತ್ತಿಗೆ ಗಂಟೆಗಳು ಕಳೆದಿರುತ್ತವೆ, ಕೆಲವೊಮ್ಮೆ ಮಾರನೇ ದಿನವೇ ಆಗಿರುತ್ತದೆ. ಮೈಯ ಹೆಚ್ಚು ಭಾಗಕ್ಕೆ ತಗುಲಿದರೆ ಗುಂಡಿಗೆಯೇ ತಾಳ ತಪ್ಪುತ್ತದೆ. ಉರಿ ನೋಡಿಕೊಂಡು ಬಲ ಅಳೆಯುವುದು ನಿಮ್ಮ ಹಳೇ ಆಸಿಡ್ಡಿಗೆ ಸರಿ ಅಪ್ಪಾ, ಇದಕ್ಕಲ್ಲ. ಉರಿ ಕಾಣಲಿಲ್ಲ ಅಂತ ಇನ್ನೂ ಅರ್ಧ ಸುರಿದಿದ್ದೀರಿ! ಓದುತ್ತಾ ತಲೆ ಚಚ್ಚಿಕೊಂಡೆ.

ಆ ಪ್ಯಾಕಿಂಗಿನವರ ಮಣಿಕಟ್ಟಿನಲ್ಲಿ ಒಂದು ಹಳೇ ಗುಳಿ ಇದೆ. ತೋಳಿನ ಗುಂಡಿ ಹಾಕಿಕೊಳ್ಳದೆ ಒದ್ದೆ ಚೀಲ ಎತ್ತಿದ್ದರಂತೆ. ಆ ದಿನ ಏನೂ ಅನ್ನಿಸದೆ ಮನೆಗೆ ಹೋಗಿ ಮಲಗಿದರಂತೆ. "ಎದ್ದಾಗ ಯಾರೋ ಒಳಗಿನಿಂದ ಕೈ ಕೊರೀತಿದ್ದ ಹಾಗಿತ್ತು," ಅನ್ನುತ್ತಾರೆ. ನಿಮಗೆ ಹೇಳು ಅಂತ ಅವರೇ ಹೇಳಿದರು.

ಪೇಸ್ಟಿನ ಮಾತು: ಅದರಲ್ಲಿರುವುದು ಬೇರೆ ಉಪ್ಪು, ಅದೂ ಚಿಟಿಕೆಯಲ್ಲಿ ಚಿಟಿಕೆ. ಆ ಹೆಸರಿನ ಕುಟುಂಬ ದೊಡ್ಡದು. ನಿಮ್ಮ ಡಬ್ಬದಲ್ಲಿರುವವನು ಏನೇನು ಮಾಡುತ್ತಾನೆ ಗೊತ್ತೇ? ಕಟ್ಟಡದ ಹೊರಗೋಡೆಯ ಕಲ್ಲಿಗೆ ಹತ್ತಿದ ಮಸಿ ಕೀಳುತ್ತಾನೆ. ಲಾಂಡ್ರಿಯಲ್ಲಿ ಬಟ್ಟೆಗೆ ಹಿಡಿದ ತುಕ್ಕಿನ ಕಲೆ ತೆಗೆಯುತ್ತಾನೆ. ಲೋಹಕ್ಕೆ ಬಣ್ಣ ಹೊಡೆಯುವ ಮೊದಲು ಅದರ ಮೈಯನ್ನು ತಿಂದು ಹಸನು ಮಾಡುತ್ತಾನೆ. ಕಲ್ಲು, ಕಬ್ಬಿಣ, ಗಾಜು ಯಾವುದನ್ನೂ ಬಿಡದವನು ನಿಮ್ಮ ಬೆರಳನ್ನು ಬಿಡುತ್ತಾನೆಯೇ?

ಈ ಲಾರಿಯಲ್ಲಿ ಮೊಣಕೈವರೆಗೆ ಬರುವ ರಬ್ಬರ್ ಕೈಗವಸು ಒಂದು ಜೊತೆ ಕಳಿಸಿದ್ದೇನೆ. ಜೊತೆಗೆ ಕ್ಯಾಲ್ಸಿಯಂ ಜೆಲ್ಲಿನ ಟ್ಯೂಬ್ ಇದೆ. ಮೈಗೆ ತಗುಲಿದರೆ ಮೊದಲು ನೀರಿನಲ್ಲಿ ಚೆನ್ನಾಗಿ ತೊಳೆದು, ಅದನ್ನು ಉಜ್ಜುತ್ತಲೇ ಆಸ್ಪತ್ರೆಗೆ ಹೋಗಬೇಕು. ಅಮ್ಮಾ, ಇದನ್ನು ನೀನೂ ಓದು. ನೀನು ಓದಿದರೇ ನನಗೆ ಧೈರ್ಯ.

ಇಂತಿ,
ಮಗಳು


15 ಮಾರ್ಚ್

ಚಿ. ಇನ್ಸ್‌ಪೆಕ್ಟರಮ್ಮನಿಗೆ,

ಕೈಗವಸು ತಲುಪಿತು. ಹಾಕಿಕೊಂಡಿದ್ದೇನೆ. ಕೆಲಸದ ಹೊತ್ತಿನಲ್ಲೆಲ್ಲ ಹಾಕಿಕೊಂಡೇ ಇರುತ್ತೇನೆ. ಸಂತೋಷವಾಯಿತೇ? ಇನ್ನು ಊಟದ ತಟ್ಟೆ ಬಿಟ್ಟು ಏಳಬೇಡ.

ಒಳ್ಳೆಯ ಕೆಲಸವೊಂದು ಬಂದಿದೆ. ಹೆರಿಗೆ ಕ್ಲಿನಿಕ್ಕಿನ ಬಾಗಿಲುಗಳು, ಎಲ್ಲವೂ ಮಬ್ಬು ಗಾಜು, ಕೆಳಗಿನಿಂದ ಮೇಲಕ್ಕೆ ಬಳ್ಳಿ. ಬಳ್ಳಿಗೆ ಮೇಣ ಬಳಿದು ಮುಚ್ಚಬೇಕು, ಸುತ್ತ ಉಪ್ಪು ಕಲಸಿದ ಹಿಟ್ಟು ಹಚ್ಚಬೇಕು, ಹದ ನೋಡಿ ತೊಳೆಯಬೇಕು. ಆಚೆ ಯಾರೋ ನಿಂತಿದ್ದಾರೆ ಅಂತ ಕಾಣಬೇಕು, ಯಾರು ಅಂತ ಕಾಣಬಾರದು, ಅದು ಹದ. ಡಾಕ್ಟರಮ್ಮ ಬಂದು ಮಾದರಿ ನೋಡಿ, "ರೇಷ್ಮೆ ಹಾಗಿದೆ," ಅಂದರು. ನಾನು ಸುಮ್ಮನೆ ನಕ್ಕೆ.

ಆದರೆ ನಿನ್ನ ಆ ರಬ್ಬರಿನಲ್ಲಿ ನನಗೆ ಗಾಜು ಸಿಗುವುದೇ ಇಲ್ಲ. ಹಿಟ್ಟಿನಲ್ಲಿ ಕರಗದ ಕಾಳು ಉಳಿದರೆ ಗಾಜಿನ ಮೇಲೆ ಚುಕ್ಕಿ ಬೀಳುತ್ತದೆ. ಕಾಳು ಉಳಿದಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ತಿಳಿಯುತ್ತದೆ. ತೊಳೆದು ಒರೆಸಿದ ಮೇಲೆ ಮುಟ್ಟಿ ನೋಡಿ ಅನ್ನುತ್ತೀಯ, ನನಗೆ ಗೊತ್ತು. ಆ ಹೊತ್ತಿಗೆ ಬಾಗಿಲು ಕೆಟ್ಟಿರುತ್ತದೆ. ಲ್ಯಾಬಿನಲ್ಲಿ ಕೂತವರಿಗೆ ಇದು ಅರ್ಥವಾಗುವುದಿಲ್ಲ ಬಿಡು. ಹೇಗೋ ಒಂದು ದಾರಿ ಮಾಡಿಕೊಂಡಿದ್ದೇನೆ. ನಿನ್ನ ಮಾತೂ ಉಳಿಯಿತು, ನನ್ನ ಕೆಲಸವೂ ಉಳಿಯಿತು.

ಸಣ್ಣ ಡಬ್ಬ ಒಂದು ಕಳಿಸು. ಈ ಸಲ ನಾನೇ ಕವರಿಗೆ ಹಾಕಿ ಅಂಟಿಸುತ್ತಿದ್ದೇನೆ, ನಿಮ್ಮಮ್ಮನಿಗೆ ಸಾಲು ಸೇರಿಸುವ ಚಟ ಹತ್ತಿದೆ.

ಇಂತಿ,
ಅಪ್ಪ

(ಕವರಿನ ಹಿಂಭಾಗದಲ್ಲಿ, ಪೆನ್ಸಿಲಿನಲ್ಲಿ:) ದಾರಿ ಏನು ಗೊತ್ತಾ? ಕತ್ತರಿ ತಗೊಂಡು ಕೈಗವಸಿನ ಹತ್ತೂ ಬೆರಳಿನ ತುದಿ ಕತ್ತರಿಸಿ ಹಾಕಿದ್ದಾರೆ. – ಅಮ್ಮ


27 ಮಾರ್ಚ್

ಅಪ್ಪಾ,

ನಿಮಗೆ ತಲೆ ಕೆಟ್ಟಿದೆಯೇ?

ಕಾಗದದಲ್ಲಿ ಕೂಗುವುದು ಹೇಗೆ ಅಂತ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಡ್ರೈವರ್ ಲಾರಿ ಬಿಟ್ಟು ಇಳಿದು ಓಡುವ ಹಾಗೆ ಕೂಗುತ್ತಿದ್ದೆ. ಛತ್ರಿಗೆ ತೂತು ಮಾಡಿಕೊಂಡು ಹಿಡಿದುಕೊಂಡು, ಮಗಳು ಹೇಳಿದ್ದಳು ಅದಕ್ಕೇ ಛತ್ರಿ ಹಿಡಿದಿದ್ದೇನೆ ಅಂತೀರಲ್ಲ!

ಕತ್ತರಿಸಿದ ಕೈಗವಸು ಬರಿಗೈಗಿಂತ ಕೆಟ್ಟದ್ದು. ಬರಿಗೈಗೆ ಹತ್ತಿದ್ದು ನೀರು ಹಾಕಿದರೆ ಹೋದರೂ ಹೋಗಬಹುದು. ತುದಿಯಿಲ್ಲದ ಕೈಗವಸಿನೊಳಗೆ ಆ ನೀರು ನುಗ್ಗಿ, ರಬ್ಬರಿಗೂ ಚರ್ಮಕ್ಕೂ ನಡುವೆ ಕೂತುಕೊಳ್ಳುತ್ತದೆ. ಒಣಗುವುದಿಲ್ಲ, ಹೊರಗೂ ಬರುವುದಿಲ್ಲ. ನೀವು ಎಷ್ಟು ಹೊತ್ತು ಹಾಕಿಕೊಂಡಿರುತ್ತೀರೋ ಅಷ್ಟು ಹೊತ್ತೂ ನಿಮ್ಮ ಬೆರಳು ಅದರಲ್ಲಿ ನೆನೆಯುತ್ತಿರುತ್ತದೆ. ಉರಿಯಿಲ್ಲದೆ. ಅದನ್ನು ಈಗಲೇ ಕಸಕ್ಕೆ ಹಾಕಿ. ಹೊಸ ಜೊತೆ ಕಳಿಸುತ್ತಿದ್ದೇನೆ, ಇದು ತೆಳ್ಳಗಿನದು. ಕಾಳು ಬೆರಳಿಗೆ ಸಿಗದಿದ್ದರೆ ಹಿಟ್ಟನ್ನು ಪ್ಲಾಸ್ಟಿಕ್ ಜಾಲರಿಯಲ್ಲಿ ಸೋಸಿಕೊಳ್ಳಿ. ಅದನ್ನು ಹೇಳುವುದಕ್ಕೆ ಲ್ಯಾಬು ಬೇಕಾಗಿಲ್ಲ.

ನಾನು ಹೇಳಿ ಹೇಳಿ ಸೋತೆ. ಸಮಾಧಾನವಾಗಿ ಹೇಳಿದೆ, ಹೆದರಿಸಿ ಹೇಳಿದೆ, ಕೈಮುಗಿದೂ ಹೇಳಿದೆ. ನೀವು ಇದೇನೋ ಆಟ ಅಂದುಕೊಂಡ ಹಾಗಿದೆ. ಇನ್ನು ನನ್ನ ಹತ್ತಿರ ಉಳಿದಿರುವುದು ಒಂದೇ. ಕೈಗವಸು ಸರಿಯಾಗಿ ಹಾಕಿಕೊಳ್ಳುತ್ತೇನೆ ಅಂತ ನೀವು ಬರೆದು, ಅಮ್ಮ ಹೌದು ಅಂತ ಅದರ ಕೆಳಗೆ ಬರೆಯುವವರೆಗೆ ಇಲ್ಲಿಂದ ನಿಮಗೆ ಉಪ್ಪು ಬರುವುದಿಲ್ಲ. ಮಾಲು ಕಳಿಸುವ ವಿಭಾಗದಲ್ಲಿ ಹೇಳಿ ಬಂದಿದ್ದೇನೆ. ನಿಮ್ಮಂಥ ಗಿರಾಕಿ ಕಾರ್ಖಾನೆಗೆ ಬೇಡ. ನನಗೆ ನಿಮ್ಮಂಥ ಅಪ್ಪ ಬೇಕು, ಎರಡು ಕೈ ಸಮೇತ ಬೇಕು.

ಮಗಳು


1 ಏಪ್ರಿಲ್

ಮಗಳಿಗೆ,

ಉಪ್ಪು ಬೇಡ. ನಿಮ್ಮಲ್ಲೇ ಇರಲಿ.

ನಾನು ಈ ಕೆಲಸ ಹಿಡಿದಾಗ ನೀನು ಹುಟ್ಟಿರಲಿಲ್ಲ. ನನ್ನ ಅಂಗಡಿಗೆ ನನ್ನ ಮಗಳು ಬಾಗಿಲು ಹಾಕಿಸುವಷ್ಟು ದೊಡ್ಡವಳಾದಳು ಅಂತ ತಿಳಿದು ಬಹಳ ಸಂತೋಷವಾಯಿತು. ಡಬ್ಬದಲ್ಲಿ ಉಳಿದಿರುವುದರಲ್ಲೇ ಕ್ಲಿನಿಕ್ಕಿನ ಬಾಗಿಲು ಮುಗಿಸುತ್ತೇನೆ. ಹೊಸ ಕೈಗವಸು ವಾಪಸು ಕಳಿಸಿದ್ದೇನೆ. ನನಗೆ ಹಳೆಯದೇ ಸಾಕು.

ಅಪ್ಪ


9 ಮೇ

ಮಗಳೇ,

ನೀನು ಬಸ್ ಹತ್ತಿದ ಮೇಲೆ ಮನೆ ಬಿಕೋ ಅನ್ನುತ್ತಿದೆ. ಇದನ್ನು ಅಂಚೆಗೆ ಹಾಕುತ್ತೇನೆ, ಅವರಿಗೆ ಗೊತ್ತಿಲ್ಲ.

ಆಸ್ಪತ್ರೆಯಲ್ಲಿ ಅಷ್ಟು ದಿನ ನೀನು ಕೂತಿದ್ದೆ, ಅವರು ಮಲಗಿದ್ದರು. ನೀನು ಅವರ ಬ್ಯಾಂಡೇಜ್ ನೋಡುತ್ತಿದ್ದೆ, ಅವರು ಫ್ಯಾನ್ ನೋಡುತ್ತಿದ್ದರು. ನಡುವೆ ನಾನೊಬ್ಬಳು ಕಿತ್ತಳೆ ಸುಲಿದು ಆ ಕಡೆ ಒಂದು ತೊಳೆ, ಈ ಕಡೆ ಒಂದು ತೊಳೆ ಕೊಡುತ್ತಾ ಕೂತಿದ್ದೆ. ನಿಮ್ಮಿಬ್ಬರನ್ನು ಕಟ್ಟಿಕೊಂಡು ನನಗೆ ಸಾಕಾಗಿ ಹೋಗಿದೆ. ಅಲ್ಲಿ ಆಡಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಸಿಟ್ಟು ಮಾಡಿಕೊಳ್ಳದೆ ಓದು.

ಅವರು ಹಠಕ್ಕೆ ಬಿದ್ದರು. ಡಬ್ಬಗಳ ತಳ ಕೆರೆದು ದಪ್ಪಗೆ ಕಲಸಿಕೊಂಡರು. ಆ ಕತ್ತರಿಸಿದ ಕೈಗವಸನ್ನು ಬೆಳಿಗ್ಗೆ ಹಾಕಿಕೊಂಡರೆ ಸಂಜೆವರೆಗೂ ತೆಗೆಯುತ್ತಿರಲಿಲ್ಲ. ಕೊನೆಯ ಬಾಗಿಲಿನ ದಿನವಂತೂ ನಾನು ಬಾಯಿಗೆ ತುತ್ತಿಟ್ಟು ಊಟ ಮಾಡಿಸಿದೆ. "ತೆಗೀರಿ ಅದನ್ನ," ಅಂದರೆ, "ಹಾಕ್ಕೋ ಹಾಕ್ಕೋ ಅಂತ ಕುಣಿದವಳು ನಿನ್ನ ಮಗಳೇ ತಾನೇ? ಹಾಕ್ಕೊಂಡಿದೀನಿ," ಅಂದರು. ಸಂಜೆ ಬೆರಳು ಮರಗಟ್ಟಿದೆ ಅಂದರು. ತೊಳೆದುಕೊಳ್ಳಿ, ಟ್ಯೂಬ್ ತರುತ್ತೇನೆ ಅಂದೆ. "ಏನೂ ಇಲ್ಲ ಕಣೇ, ಆ ನೀರು ತಣ್ಣಗಿರತ್ತೆ, ಅದರ ಗುಣ ಅದು, ಅವಳೇ ಬರೆದಿದಾಳಲ್ಲ," ಅಂದರು. ಅಷ್ಟು ಪುಟ ಬರೆದೆಯಲ್ಲ, ಅದೊಂದು ಸಾಲು ನೆನಪಿಟ್ಟುಕೊಂಡಿದ್ದರು ನೋಡು.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಗೋಡೆ ಹಿಡಿದು ನಿಂತಿದ್ದರು. ತೋರುಬೆರಳು ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗಾಗಿತ್ತು, ಉಗುರಿನ ಬುಡದಲ್ಲಿ ಬೂದಿ ಬಣ್ಣ. "ತಡೆಯೋಕಾಗ್ತಿಲ್ಲ ಕಣೇ," ಅಂದರು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಆ ಮಾತು ನಾನು ಕೇಳಿರಲಿಲ್ಲ. ಆಗಲೇ ನಿನಗೆ ಫೋನ್ ಮಾಡಿದ್ದು. ನೀನು ಹೇಳಿದ ಹಾಗೆ ನೀರು ಹಾಕಿದೆ, ಟ್ಯೂಬ್ ಉಜ್ಜುತ್ತಾ ಆಟೋದಲ್ಲಿ ಕೂತೆ. ಡಾಕ್ಟರಿಗೆ ನೀನು ಫೋನಿನಲ್ಲೇ ಎಲ್ಲ ವಿವರಿಸಿದೆಯಲ್ಲ, ಅವರೂ ತಡ ಮಾಡಲಿಲ್ಲ. ಬೆರಳಿನ ಒಂದು ಗೆಣ್ಣು ಹೋಯಿತು, ಮಿಕ್ಕದ್ದು ಉಳಿಯಿತು. ನಿನ್ನಿಂದ ಉಳಿಯಿತು ಅಂತ ಡಾಕ್ಟರ್ ಅವರ ಮುಂದೆಯೇ ಹೇಳಿದರು. ನೀನು ಆಗ ಔಷಧಿ ತರುವುದಕ್ಕೆ ಹೋಗಿದ್ದೆ.

ನಿಜವಾಗಿ ಹೇಳಬೇಕಾದ್ದು ಈಗ ಹೇಳುತ್ತೇನೆ.

ನಮ್ಮಂಥ ಅಂಗಡಿಗೆ ಒಂದು ದೊಡ್ಡ ಡ್ರಮ್ ತರಿಸಿದರೆ ಎಷ್ಟೋ ತಿಂಗಳು ಸಾಕು. ಇವರು ಪುಟ್ಟ ಪುಟ್ಟ ಡಬ್ಬ ತರಿಸುತ್ತಿದ್ದರು. ಮೊದಲಿನದರಲ್ಲಿ ಅರ್ಧ ಉಳಿದಿರುವಾಗಲೇ ಇನ್ನೊಂದು ಬರೆಯುತ್ತಿದ್ದರು. ಯಾಕೆ ಅಂದರೆ, "ಹೊಸದಾಗಿದ್ರೆ ಚೆನ್ನಾಗಿರತ್ತೆ," ಅನ್ನುವರು. ಉಪ್ಪಿನಲ್ಲಿ ಹೊಸದೇನು, ಹಳೆಯದೇನು? ಲಾರಿ ಬರುವ ದಿನ ಬೆಳಿಗ್ಗೆಯೇ ಗಡ್ಡ ಹೆರೆದುಕೊಂಡು, ಒಗೆದ ಶರ್ಟ್ ಹಾಕಿಕೊಂಡು ಕೂರುವರು. ಡಬ್ಬ ಇಳಿಸುವುದನ್ನು ನೋಡುತ್ತಲೂ ಇರಲಿಲ್ಲ. ಕಾಗದ ಒಡೆದು ನಿಂತಲ್ಲೇ ಓದಿ, ನನ್ನನ್ನು ಕರೆದು, "ನೋಡೇ, ಎರಡು ಪುಟ ಬೈದಿದಾಳೆ! ಥೇಟ್ ನಮ್ಮಮ್ಮ!" ಅಂತ ನಗುವರು. ಊಟಕ್ಕೆ ಕೂತಾಗ ಇನ್ನೊಂದು ಸಲ ಓದಿ ಹೇಳುವರು. ಛತ್ರಿಯ ಮಾತು ಓದಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದರು. ಆಮೇಲೆ ಉಪ್ಪು ಕಳಿಸುವುದಿಲ್ಲ ಅನ್ನುವಲ್ಲಿಗೆ ಬಂದರು. ಮಡಿಸಿ ಜೇಬಿಗಿಟ್ಟುಕೊಂಡು ಒಳಗೆ ಹೋದರು.

ಒಂದು ದಿನ ನಾನು ಕೇಳಿದ್ದೆ, ಆ ಹುಡುಗಿ ಅಷ್ಟು ಬೇಡಿಕೊಳ್ಳುತ್ತಿದೆ, ಹಾಕಿಕೊಂಡುಬಿಡಬಾರದಾ ಅಂತ. "ಹಾಕ್ಕೊಂಡೆ ಅಂತ ಬರೆದುಬಿಟ್ರೆ ಅವಳಿಗೆ ಬರೆಯೋಕೆ ಇನ್ನೇನು ಉಳಿಯತ್ತೆ?" ಅಂದರು. ತಮಾಷೆ ಅಂದುಕೊಂಡೆ ನಾನು. ನೀನು ಆ ಕಾರ್ಖಾನೆಯ ಕೆಲಸಕ್ಕೆ ಹೋಗಿ ಮೂರು ವರ್ಷವಾಯಿತು. ಫೋನ್ ಮಾಡಿದರೆ ಜಗಳ, ಇಲ್ಲದಿದ್ದರೆ "ಚೆನ್ನಾಗಿದೀನಿ, ಇಡ್ತೀನಿ." ಈ ಉಪ್ಪು ಬರುವ ಮೊದಲು ನೀನು ಯಾವತ್ತಾದರೂ ಎರಡು ಪುಟ ಬರೆದಿದ್ದೆಯಾ?

ನಿನ್ನ ತಪ್ಪು ಅಂತ ಹೇಳುತ್ತಿಲ್ಲ. ಮೂರ್ಖತನ ಅವರದ್ದೇ. ಆದರೆ ಯಾವ ಥರದ ಮೂರ್ಖತನ ಅಂತ ನಿನಗೆ ಗೊತ್ತಿರಲಿ.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ


26 ಮೇ

ಚಿ. ಮಗಳಿಗೆ ಆಶೀರ್ವಾದ.

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕೋಳಿ ಕೆದಕಿದ ಹಾಗಿದೆ ಅಂತ ನಿಮ್ಮಮ್ಮ ನಗುತ್ತಿದ್ದಾಳೆ. ಓದಲು ಬಂದಷ್ಟು ಓದಿಕೋ.

ಉಪ್ಪಿಗೆ ಖಾರವಿಲ್ಲ ಅಂದಿದ್ದೆ. ಇದೆ.

ಬ್ಯಾಂಡೇಜ್ ಬಿಚ್ಚಿದರು. ಬೆರಳು ಮೊಂಡಾಗಿದೆ, ಮಿಕ್ಕಂತೆ ಏನೂ ತೊಂದರೆಯಿಲ್ಲ. ಗಾಜಿನ ಮೇಲೆ ಇಟ್ಟು ನೋಡಿದೆ. ತುದಿಯಲ್ಲಿ ಏನೂ ತಿಳಿಯುವುದಿಲ್ಲ. ಪಕ್ಕದ ಬೆರಳಿಗೆ ಕಲಿಸುತ್ತಿದ್ದೇನೆ, ಅದು ಬಹಳ ದಡ್ಡ ಬೆರಳು.

ಕ್ಲಿನಿಕ್ಕಿನ ಬಾಗಿಲು ಒಂದರಲ್ಲಿ ಚುಕ್ಕಿ ಬಿದ್ದಿತ್ತು. ಅದನ್ನು ನಿಮ್ಮಮ್ಮನೇ ಮತ್ತೆ ಮಾಡಿದಳು. ಬಕೆಟ್ಟಿನಲ್ಲಿ ಉಳಿದಿದ್ದ ಹಿಟ್ಟನ್ನು ಜಾಲರಿಯಲ್ಲಿ ಸೋಸಿ, ನೀನು ಬಂದಾಗ ಬಿಟ್ಟುಹೋದ ತುದಿಯಿರುವ ಕೈಗವಸು ಹಾಕಿಕೊಂಡು. ನಾನು ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತು ಹೇಳಿಕೊಟ್ಟೆ. ನನ್ನ ಬಾಗಿಲುಗಳಿಗಿಂತ ನುಣುಪಾಗಿ ಬಂದಿದೆ. ಡಾಕ್ಟರಮ್ಮ ಅದನ್ನೇ ಮುಟ್ಟಿ ಮುಟ್ಟಿ ಹೊಗಳಿದರು. ನನಗೆ ಮೈಯೆಲ್ಲ ಉರಿಯಿತು.

ಲಾರಿ ಡ್ರೈವರ್ ಮೊನ್ನೆ ಈ ಕಡೆ ಬಂದಿದ್ದವನು ನನ್ನನ್ನು ನೋಡಿಕೊಂಡು ಹೋದ. ಡಬ್ಬ ಇರಲಿಲ್ಲ, ಆದರೂ ಒಳಗೆ ಬಂದು ಕೂತ. ನಿನ್ನ ಕಾಗದ ಇದೆಯಾ ಅಂತ ನಾನೇನೂ ಕೇಳಲಿಲ್ಲ. ಅವನೇ "ಏನೂ ಕೊಟ್ಟಿಲ್ಲ" ಅಂದ. ಇದನ್ನು ಅವನ ಕೈಗೇ ಕೊಡುತ್ತೇನೆ, ವಾಪಸು ಹೋಗುವಾಗ ಬರುತ್ತಾನಂತೆ.

ಸದ್ಯಕ್ಕೆ ಉಪ್ಪು ಬೇಕಾಗಿಲ್ಲ. ಲಾರಿ ಈ ದಾರಿಯಲ್ಲಿ ಬರುವುದಿದ್ದರೆ ಸುಮ್ಮನೆ ಒಳಗೆ ಬಂದು ಹೋಗಲಿ ಅಂತ ಹೇಳು. ಟೀ ಕೊಡುತ್ತೇವೆ.

ಇಂತಿ,
ಅಪ್ಪ

ಇವತ್ತು ಸೇರಿಸುವುದಕ್ಕೆ ನನಗೇನೂ ಇಲ್ಲ. – ಅಮ್ಮ


2 ಜೂನ್

ಅಪ್ಪಾ,

ಈ ಕಾಗದ ಲಾರಿಯಲ್ಲಿ ಬರುತ್ತಿಲ್ಲ. ಅಂಚೆಯಲ್ಲಿ ಬರುತ್ತಿದೆ. ಅಂಚೆ ಅಂತ ಒಂದಿದೆ ಅಪ್ಪಾ. ಚೀಟಿ ಅಂಟಿಸಿ ಡಬ್ಬಿಗೆ ಹಾಕಿದರೆ ತಾನಾಗಿ ಬರುತ್ತದೆ, ಅದಕ್ಕೆ ಉಪ್ಪಿನ ಡಬ್ಬದ ಜೊತೆ ಬೇಕಾಗಿಲ್ಲ. ಇಷ್ಟು ವಯಸ್ಸಾದ ಮೇಲೆ ಇದನ್ನೂ ನಾನೇ ಹೇಳಿಕೊಡಬೇಕೇ?

ಅಮ್ಮ ಎಲ್ಲ ಬರೆದಿದ್ದಾಳೆ. ಅವಳ ಮೇಲೆ ರೇಗಿದರೆ ನೋಡಿ. ಅದನ್ನು ಓದಿ ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತೆ, ಪಕ್ಕದ ಕೋಣೆಯವರಿಗೆ ಕೇಳಬಾರದು ಅಂತ. ಆಮೇಲೆ ನಿಮ್ಮ ಮೇಲೆ ಬಂದ ಸಿಟ್ಟಿಗೆ ಬಟ್ಟೆ ಒಗೆಯುವುದಕ್ಕೆ ಕೂತೆ, ಒಗೆದದ್ದನ್ನೇ ಮತ್ತೆ ಒಗೆದೆ. ನೀವು ಬಾಯಿಬಿಟ್ಟು ಕೇಳಿದ್ದರೆ ನಾನು ಬರೆಯುತ್ತಿದ್ದೆನೇ? ಬರೆಯುತ್ತಿದ್ದೆ ಅಂತ ಹೇಳುವುದಕ್ಕೆ ಬಹಳ ಆಸೆ. ಗೊತ್ತಿಲ್ಲ ಅಪ್ಪಾ. "ಈ ವಾರ ಬಿಡುವಿಲ್ಲ" ಅಂತಿದ್ದೆನೋ ಏನೋ. ಅದು ನನ್ನನ್ನು ತಿನ್ನುತ್ತಿದೆ. ಆಸ್ಪತ್ರೆಯಲ್ಲಿ ನೀವು ಫ್ಯಾನ್ ನೋಡುತ್ತಾ ಮಲಗಿದ್ದಾಗ ಆ ಇನ್ನೊಂದು ಕೈ ಹಿಡಿದುಕೊಳ್ಳಬೇಕು ಅನ್ನಿಸಿತ್ತು. ಹಿಡಿದರೆ ಬೈದುಬಿಡುತ್ತೇನೆ ಅಂತ ಸುಮ್ಮನಿದ್ದೆ.

ಇನ್ನು ಉಪ್ಪಿನ ಸುದ್ದಿ ಮುಗಿಯಿತು. ಇಷ್ಟು ದಿನ ಅದರ ಗದ್ದಲದಲ್ಲಿ ಬಿಟ್ಟುಹೋದದ್ದು ಎಷ್ಟೋ ಇದೆ. ನಿಮ್ಮ ಬಿಪಿ ಮಾತ್ರೆಯನ್ನು ಒಂದು ದಿನ ಬಿಟ್ಟು ಒಂದು ದಿನ ತೆಗೆದುಕೊಳ್ಳುತ್ತೀರಂತೆ, ಆಸ್ಪತ್ರೆಯಲ್ಲಿ ನರ್ಸ್ ಹೇಳಿದರು. ಯಾರು ಹೇಳಿದರು ನಿಮಗೆ ಹಾಗೆ ಮಾಡುವುದಕ್ಕೆ? ಕನ್ನಡಕದ ಕಡ್ಡಿಗೆ ದಾರ ಕಟ್ಟಿಕೊಂಡಿದ್ದೀರಿ, ಹೊಸದು ಮಾಡಿಸಿಕೊಳ್ಳುವುದಕ್ಕೆ ಏನು ಧಾಡಿ? ಅಂಗಡಿಯ ಮೆಟ್ಟಿಲು ಒಡೆದು ಎಷ್ಟು ಕಾಲವಾಯಿತು, ಅಮ್ಮ ದಿನಾ ಅದೇ ಮೆಟ್ಟಿಲು ಹತ್ತಿ ಇಳಿಯುತ್ತಾಳೆ. ಮಾತಾಡುವಾಗ ಟಿವಿಯ ಸದ್ದು ಕಮ್ಮಿ ಮಾಡಿ ಅಂದರೆ ಇನ್ನೂ ಜಾಸ್ತಿ ಮಾಡುತ್ತೀರಿ. ಅಮ್ಮ ಮಾಡಿದ ಬಾಗಿಲು ನಿಮ್ಮದಕ್ಕಿಂತ ಚೆನ್ನಾಗಿದ್ದರೆ ಅವಳ ಮುಂದೆ ಹೇಳುವುದು ಬಿಟ್ಟು ನನಗೆ ಯಾಕೆ ಬರೆಯುತ್ತೀರಿ? ಇವತ್ತಿಗೆ ಇಷ್ಟು. ಭಾನುವಾರ ಮತ್ತೆ ಬರೆಯುತ್ತೇನೆ. ಅದರ ಮುಂದಿನ ಭಾನುವಾರವೂ ಬರೆಯುತ್ತೇನೆ.

ನಿಮ್ಮನ್ನು ಬೈಯುವುದಕ್ಕೆ ನನ್ನ ಹತ್ತಿರ ಜೀವಮಾನಕ್ಕಾಗುವಷ್ಟಿತ್ತು ಅಪ್ಪಾ. ನೀವು ಬೆರಳು ಕೊಡಬೇಕಾಗಿರಲಿಲ್ಲ.

ನಿಮ್ಮ ಮಗಳು